ಎಂಟೂವರೆಯ ವಸ್ತಿ ಬಸ್ಸು

ಅಗಸೂರಿನ ಗಂಗಿ ನೋಡಿದ ಸಿನಿಮಾಗಳೇನೂ ಕಡಿಮೆಯಲ್ಲ. ಆದರೆ ಅಂಕೋಲೆಯ ಟೆಂಟಿನಲ್ಲಿ ಅವಳು ನೋಡಿದ ಒಂದು ಸಿನಿಮಾದ ಕೊನೆಯೂ ಅವಳಿಗೆ ಗೊತ್ತಿರಲಿಲ್ಲ. ಕೊನೆ ಬೇಡ ಅಂತಲ್ಲ. ಕೊನೆ ಬರುವ ಹೊತ್ತಿಗೆ ಸರಿಯಾಗಿ ಬಸ್ಸು ಬರುತ್ತಿತ್ತು, ಅಷ್ಟೇ.

ಸಂತೆಯ ದಿನ ಅವಳು ಹರಿವೆ, ಬಸಳೆ, ಮೊಗೆಕಾಯಿ ಹೊತ್ತು ಅಂಕೋಲೆಗೆ ಹೋಗುತ್ತಿದ್ದಳು. ಸಂಜೆಯೊಳಗೆ ಬುಟ್ಟಿ ಖಾಲಿಯಾಗುತ್ತಿತ್ತು. ದೀಪಾವಳಿ ಕಳೆದು ಊರಾಚೆಯ ಬಯಲಿನಲ್ಲಿ ಟೆಂಟು ಎದ್ದ ಮೇಲಂತೂ ಆ ಖಾಲಿ ಬುಟ್ಟಿ ತಾನಾಗಿಯೇ ಆ ಕಡೆಗೆ ತಿರುಗುತ್ತಿತ್ತು. ನೆಲದ ಟಿಕೆಟು ಕೊಂಡು, ಮರಳಿನ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂರುವಳು. ಹಿಂದಿನವರು ತಲೆ ಅಡ್ಡ ಬಂತೆಂದು ಗದರಿದರೆ ಬುಟ್ಟಿ ಬಿಟ್ಟು ಮರಳಿಗಿಳಿಯುವಳು. ಕತ್ತಲು ಕವಿಯುತ್ತಲೇ ಪರದೆಯ ಮೇಲೆ ಬೆಳಕು ಬೀಳುವುದು. ಅಲ್ಲಿಂದ ಮುಂದೆ ಅವಳು ಅಂಕೋಲೆಯಲ್ಲೂ ಇಲ್ಲ, ಅಗಸೂರಿನಲ್ಲೂ ಇಲ್ಲ. ಎಂಟೂ ಇಪ್ಪತ್ತಕ್ಕೆ ಮಾತ್ರ ಅವಳ ಕಾಲಿಗೆ ಅದು ಹೇಗೋ ತಿಳಿಯುತ್ತಿತ್ತು. ಎಂಟೂವರೆಗೆ ಹೊರಟು ರಾತ್ರಿ ಹಳ್ಳಿಯಲ್ಲೇ ತಂಗುವ ವಸ್ತಿ ಬಸ್ಸು ತಪ್ಪಿದರೆ ಬೆಳಗಿನವರೆಗೆ ಗತಿಯಿಲ್ಲ. ಹುಬ್ಬಳ್ಳಿಗೆ ಹೋಗುವ ದೊಡ್ಡ ಗಾಡಿಗಳು ಅಗಸೂರಿನಂಥ ಊರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಾಗಾಗಿ ಹೀರೋ ನದಿಗೆ ಹಾರಿದ್ದರೂ, ಹೀರೋಯಿನ್ನಿನ ಕೊರಳಿಗೆ ಚಾಕು ಬಂದಿದ್ದರೂ ಗಂಗಿ ಬುಟ್ಟಿ ಎತ್ತಿಕೊಂಡು ಓಡಲೇಬೇಕು.

ಬಸ್ಸಿನಲ್ಲಿ ಅವಳಿಗೊಂದು ಖಾಯಂ ಜಾಗವಿತ್ತು, ಎಡಗಡೆಯ ಕಿಟಕಿ. ಕಂಬಿಗೆ ಹಣೆ ಹಚ್ಚಿ ಕೂತರೆ ಗದ್ದೆಗಳು, ಅಲ್ಲೊಂದು ಇಲ್ಲೊಂದು ಚಿಮಣಿ ದೀಪ, ಮರಗಳ ಸಂದಿನಲ್ಲಿ ಒಮ್ಮೆ ಹೊಳೆದು ಮರೆಯಾಗುವ ಗಂಗಾವಳಿ ಹೊಳೆ, ಎಲ್ಲ ಒಂದರ ಹಿಂದೊಂದು ಸರಿದು ಹೋಗುತ್ತಿದ್ದವು. ಅವಳ ಮಟ್ಟಿಗೆ ಸಿನಿಮಾ ಇನ್ನೂ ಮುಗಿದಿರುತ್ತಿರಲಿಲ್ಲ. ಟೆಂಟಿನಲ್ಲಿ ಬಿಟ್ಟುಬಂದವರೆಲ್ಲ ಬಸ್ಸಿನ ಜೊತೆಗೇ ಹೊರಗೆ ಓಡಿಬರುತ್ತಿದ್ದರು. ಹೀರೋ ಈಜಿ ದಡ ಸೇರುತ್ತಿದ್ದ. ಚಾಕು ಹಿಡಿದವನ ಕೈ ತಾನಾಗಿ ನಡುಗುತ್ತಿತ್ತು. ಅಗಸೂರಿನಲ್ಲಿ ಇಳಿಯುವ ಹೊತ್ತಿಗೆ ಕತೆಗೊಂದು ಕೊನೆ ಸಿಕ್ಕಿರುತ್ತಿತ್ತು. ಗಂಡ ಬೀರಾ ಗಂಜಿ ಕಾಯಿಸಿಟ್ಟು ಕಾದಿರುತ್ತಿದ್ದ. ಮಾತು ಕಮ್ಮಿಯ ಮನುಷ್ಯ. ಕತ್ತಲಲ್ಲಿ ಕೂತು ಬಿಳಿ ಬಟ್ಟೆ ನೋಡುವುದರಲ್ಲಿ ಏನಿದೆಯೋ ಎಂದು ಒಂದು ಸಲ ಕೇಳಿದ್ದ. ಅವಳು ಹೇಳಲು ಶುರುಮಾಡುವಷ್ಟರಲ್ಲಿ ನಿದ್ದೆ ಹೋಗಿದ್ದ.

ಕತೆ ಕೇಳುವವರು ಬೇರೆ ಇದ್ದರು. ನಟ್ಟಿಯ ಕಾಲದಲ್ಲಿ ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಸಸಿ ಊರುವಾಗ ಗಂಗಿ ಸಾಲಿನ ನಡುವೆ ನಿಂತು ಸಿನಿಮಾ ಹೇಳುತ್ತಿದ್ದಳು. ಒಂದು ಸಿನಿಮಾಕ್ಕೆ ಎರಡು ಗದ್ದೆ, ಹಾಡು ಹೆಚ್ಚಿದ್ದರೆ ಮೂರು. ಯಾರದೇ ಗದ್ದೆಯಾಗಲಿ, ಗಂಗಿ ಇದ್ದ ಸಾಲು ಬೇಗ ಮುಗಿಯುತ್ತದೆಂದು ಒಡೆಯರೂ ಅವಳಿಗೆ ಮೊದಲೇ ಹೇಳಿಡುತ್ತಿದ್ದರು. ಊರಿನ ಹೆಂಗಸರು ಸೀರೆಯ ನೆರಿಗೆ ಹಿಡಿಯುವ ಹೊಸ ರೀತಿ, ಜ್ವರ ನೋಡುವ ಗಾಜಿನ ಕಡ್ಡಿ, ಫೋನಿನಲ್ಲಿ ಮೊದಲು ಹಲೋ ಅನ್ನಬೇಕೆಂಬುದು, ಇಂಥವನ್ನೆಲ್ಲ ಕಲಿತದ್ದು ಆ ಕೆಸರಿನಲ್ಲೇ.

ಕಲಿತದ್ದೆಲ್ಲ ಸರಿಯಾಗಿತ್ತು ಅನ್ನುವಂತಿಲ್ಲ. ದನ ಗದ್ದೆ ಹೊಕ್ಕ ಒಂದು ತಕರಾರಿನಲ್ಲಿ ಗಂಗಿಯನ್ನು ಸಾಕ್ಷಿಗೆಂದು ಅಂಕೋಲೆಯ ಕೋರ್ಟಿಗೆ ಕರೆದಿದ್ದರು. ಜಡ್ಜ್ ಸಾಹೇಬರು ಮರದ ಸುತ್ತಿಗೆಯಿಂದ ಮೇಜಿಗೆ ಬಡಿದ ಮೇಲೆಯೇ ಮಾತಾಡಬೇಕೆಂದು ಅವಳು ಸಿನಿಮಾದಲ್ಲಿ ಕಲಿತಿದ್ದಳು. ಅಲ್ಲಿ ಸುತ್ತಿಗೆಯೇ ಇರಲಿಲ್ಲ. ವಕೀಲರು ಮೂರು ಸಲ ಕೇಳಿದರೂ ಅವಳು ಬಾಯಿ ಬಿಡದೆ ಸುತ್ತಿಗೆಗಾಗಿ ಕಾದಳು. ಸಾಕ್ಷಿ ಹೆದರಿದ್ದಾಳೆಂದು ಬರೆದುಕೊಂಡು ಕಳಿಸಿಬಿಟ್ಟರು. ದನದ ಮಾಲಕ ಗೆದ್ದ.

ಆದರೆ ಗಂಗಿಯ ಎದೆಯಲ್ಲಿ ಮುಳ್ಳಾಗಿ ನಿಂತದ್ದು ಈ ಸುತ್ತಿಗೆಯಲ್ಲ.

ಎಂಬತ್ನಾಲ್ಕರ ಬೇಸಿಗೆ. ಮಳೆಗಾಲಕ್ಕೆ ಟೆಂಟು ಕಳಚುವ ಮೊದಲಿನ ಕೊನೆಯ ವಾರ ಒಂದು ಸಿನಿಮಾ ಬಂತು. ಬೆಂಗಳೂರಿನ ದೊಡ್ಡ ಮನೆ, ಸಂಶಯದ ಗಂಡ, ಬಾಯಿಲ್ಲದ ಹೆಂಡತಿ. ಒಂದು ದಿನ ಅವನು ಅವಳನ್ನು ಹೊರಗೆ ಹಾಕುತ್ತಾನೆ. ಅವಳು ಗೇಟಿನ ತನಕ ಹೋಗಿ ನಿಲ್ಲುತ್ತಾಳೆ. ಆಗ ಅವನು ಬಾಗಿಲಲ್ಲಿ ನಿಂತು, ಕಾಲಿಗೆ ಬಿದ್ದು ತಪ್ಪಾಯಿತು ಅಂದರೆ ಒಳಗೆ ಬರಬಹುದು ಅನ್ನುತ್ತಾನೆ. ತಪ್ಪೇನೆಂದು ಅವಳಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಅವಳು ಮೆಟ್ಟಿಲ ಹತ್ತಿರ ಬಂದು ಒಂದು ಕಾಲು ಎತ್ತಿದಳು. ಗಂಗಿಗೆ ಎಂಟೂ ಇಪ್ಪತ್ತಾಯಿತು.

ಆ ದಿನ ಬಸ್ಸಿನಲ್ಲಿ ಯಾವ ಕೊನೆಯೂ ಹೊಳೆಯಲಿಲ್ಲ. ಎತ್ತಿದ ಆ ಕಾಲು ಹಾಗೇ ಗಾಳಿಯಲ್ಲಿ ಉಳಿಯಿತು. ಮರುದಿನ ಒಲೆ ಉರಿಸುವಾಗ, ಮಳೆ ಹಿಡಿದು ಸಸಿ ಕೀಳುವಾಗ, ಯಾವಾಗ ನೋಡಿದರೂ ಆ ಹೆಂಗಸು ಒಂದೇ ಕಾಲಿನಲ್ಲಿ ನಿಂತಿರುತ್ತಿದ್ದಳು.

ಆಷಾಢದಲ್ಲಿ ನಟ್ಟಿ ಶುರುವಾಯಿತು. ಆ ವರ್ಷ ಸಾಲಿನಲ್ಲಿ ಪಕ್ಕದ ಮನೆಯ ಶಂಕರಿಯೂ ಇದ್ದಳು. ಹತ್ತೊಂಬತ್ತರ ಹುಡುಗಿ. ಹಿಂದಿನ ಚಳಿಗಾಲದಲ್ಲಿ ಅವಳನ್ನು ಕಾರವಾರದ ಹತ್ತಿರದ ತೋಡೂರಿಗೆ, ಮಾಬ್ಲ ಎಂಬವನಿಗೆ ಕೊಟ್ಟಿದ್ದರು. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬರುವುದು ಪದ್ಧತಿ. ಬಂದವಳು ಸುಮ್ಮನೆ ಕೂರುವುದೇಕೆಂದು ಗದ್ದೆಗಿಳಿದಿದ್ದಳು. ಮದುವೆಗೆ ಮೊದಲು ಸಾಲಿನಲ್ಲೆಲ್ಲ ಗಟ್ಟಿಯಾಗಿ ನಗುತ್ತಿದ್ದವಳು ಅವಳೇ. ಈಗ ಕೆಸರಲ್ಲಿ ಎಲ್ಲರೂ ರವಕೆಯ ತೋಳು ಮೇಲೇರಿಸಿದ್ದರೂ ಅವಳು ಮಾತ್ರ ಇಳಿಬಿಟ್ಟೇ ನೆಡುತ್ತಿದ್ದಳು. ಗಂಗಿ ಅದನ್ನು ನೋಡಿದಳು, ಏನೆಂದು ಯೋಚಿಸಲಿಲ್ಲ.

ಕತೆ ಮೆಟ್ಟಿಲಿನ ತನಕ ಬಂದು ನಿಂತಿತು. ಗಂಗಿ ಮುಂದೇನು ಹೇಳುವುದೆಂದು ತಡವರಿಸುತ್ತಿದ್ದಾಗ ಶಂಕರಿ ಬೆನ್ನೆತ್ತಿ ನಿಂತಳು.

"ಕಡೀಗೆ ಅವ್ಳು ಒಳಗೆ ಹೋದ್ಲಾ, ಗಂಗಕ್ಕ?"

ಆ ದನಿಯಲ್ಲಿ ಏನಿತ್ತೋ. ಗಂಗಿಯ ಬಾಯಿ ಅವಳನ್ನು ಕೇಳದೆಯೇ ಉತ್ತರ ಕೊಟ್ಟಿತು.

"ಇಲ್ಲ. ಹೋಗ್ಲಿಲ್ಲ. ತಿರುಗಿ ನಡೆದ್ಲು."

ಒಮ್ಮೆ ನಡೆದ ಮೇಲೆ ದಾರಿ ತಾನಾಗಿ ಕಂಡಿತು. ಅವಳು ತವರಿಗೆ ಹೋದಳು, ದುಡಿದಳು, ಯಾರ ಹಂಗಿಗೂ ಬೀಳಲಿಲ್ಲ. ಒಂದು ಮಧ್ಯಾಹ್ನ ಉರಿ ಬಿಸಿಲಿನಲ್ಲಿ ಆ ಗಂಡ ಹುಡುಕಿಕೊಂಡು ಬಂದ. ಅವಳು ಬಯ್ಯಲಿಲ್ಲ, ಅಳಲಿಲ್ಲ. ದಾರಿಹೋಕರಿಗೆ ಇಡುವಂತೆ ಜಗಲಿಯ ಮೇಲೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಇಟ್ಟಳು. ಒಳಗೆ ಕರೆಯಲಿಲ್ಲ. ಅವನು ಬೆಲ್ಲ ತಿಂದು ನೀರು ಕುಡಿದ, ತಂಬಿಗೆ ಕೆಳಗಿಟ್ಟ, ಸ್ವಲ್ಪ ಹೊತ್ತು ನಿಂತ, ಹೋದ. ಸಾಲಿನ ಹೆಂಗಸರೆಲ್ಲ ಉಸಿರು ಬಿಟ್ಟರು. ಶಂಕರಿ ಮತ್ತೆ ಬಗ್ಗಿ ಸಸಿ ಊರತೊಡಗಿದಳು.

ಆಷಾಢ ಮುಗಿಯಿತು. ಶಂಕರಿ ತೋಡೂರಿಗೆ ಹೋಗಲಿಲ್ಲ. ಅಪ್ಪ ಗೋಗರೆದ, ಊರಿನ ನಾಲ್ಕು ಜನ ಕೂತು ಬುದ್ಧಿ ಹೇಳಿದರು. ಹೋಗುವುದಿಲ್ಲ ಅನ್ನುವ ಒಂದು ಮಾತು ಬಿಟ್ಟು ಅವಳು ಮತ್ತೇನೂ ಹೇಳಲಿಲ್ಲ. ಚೌತಿಗೆ ಮೊದಲು ಒಂದು ಮಧ್ಯಾಹ್ನ ಮಾಬ್ಲನೇ ಬಂದ. ಗಂಗಿ ತನ್ನ ಅಂಗಳದಿಂದಲೇ ನೋಡಿದಳು. ಶಂಕರಿ ಜಗಲಿಯ ಮೇಲೆ ಬೆಲ್ಲ, ನೀರು ತಂದಿಟ್ಟು ಬಾಗಿಲಿಗೆ ಅಡ್ಡ ನಿಂತಳು. ಮಾಬ್ಲ ಕುಡಿದ, ತಂಬಿಗೆ ಇಟ್ಟ, ನಿಂತ, ಹೋದ. ಗಂಗಿಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ತಾನು ಹೇಳಿದ್ದು ಕಣ್ಣೆದುರಿಗೇ ನಡೆದಾಗ ಆಗುವ ಹೆದರಿಕೆ ದೇವರಿಗೇ ಗೊತ್ತು.

ಅಲ್ಲಿಂದ ಅವಳಿಗೆ ನೆಮ್ಮದಿಯಿಲ್ಲ. ಸಿನಿಮಾದಲ್ಲಿ ಆ ಹೆಂಗಸು ನಿಜಕ್ಕೂ ತಿರುಗಿ ನಡೆದಿದ್ದರೆ ಸರಿ. ಒಳಗೆ ಹೋಗಿ ಸುಖವಾಗಿ ಬಾಳಿದ್ದರೆ? ಬಸ್ಸು ಹಿಡಿಯುವ ಗಡಿಬಿಡಿಯವಳೊಬ್ಬಳು ಒಂದು ಹುಡುಗಿಯ ಸಂಸಾರ ಮುರಿದಳು ಅಂತಾಗುವುದಿಲ್ಲವೇ? ಶಂಕರಿ ಹೊಳೆದಂಡೆಯಲ್ಲಿ ಒಬ್ಬಳೇ ತರಕಾರಿ ಬೆಳೆಸಿ ಒಬ್ಬಳೇ ಹೊತ್ತು ತರುವುದನ್ನು ನೋಡಿದಾಗ, ಮದುವೆಮನೆಗಳಲ್ಲಿ ಅವಳು ಹಿಂದಿನ ಗೋಡೆಗೆ ಒರಗಿ ನಿಂತದ್ದು ಕಂಡಾಗ, ಗಂಗಿ ಕಣ್ಣು ತಪ್ಪಿಸಿ ದೂರ ಸರಿಯುತ್ತಿದ್ದಳು. ಕೊನೆ ತಾನು ಕಟ್ಟಿದ್ದೆಂದು ಯಾರಿಗೂ, ಬೀರಾನಿಗೂ, ಅವಳು ಹೇಳಲಿಲ್ಲ.

ಆ ಸಿನಿಮಾ ಮತ್ತೆ ಟೆಂಟಿಗೆ ಬರಲಿಲ್ಲ. ಬೀರಾನ ಕಾಲು ತೋರಿಸಲು ಕಾರವಾರದ ಆಸ್ಪತ್ರೆಗೆ ಹೋದಾಗ ಅಲ್ಲಿನ ಗಟ್ಟಿ ಗೋಡೆಯ ಥಿಯೇಟರಿನ ಮುಂದೆ ಅವಳು ಪೋಸ್ಟರು ಹುಡುಕಿದಳು. ಬೇರೆ ಯಾವುದೋ ಇತ್ತು. ಮಧ್ಯಾಹ್ನದ ಆಟ. ಬೀರಾನನ್ನು ಹೇಗೋ ಒಪ್ಪಿಸಿ ಒಳಗೆ ಹೋಗಿ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಂದು ಸಿನಿಮಾದ ಕೊನೆ ನೋಡಿದಳು. ಪೊಲೀಸರು ಬಂದರು, ಎಲ್ಲರೂ ಸಾಲಾಗಿ ನಿಂತು ನಕ್ಕರು, ದೀಪ ಹತ್ತಿತು, ಜನ ಚಪ್ಪಲಿ ಹುಡುಕತೊಡಗಿದರು. ಇಷ್ಟಕ್ಕೇ ಇಷ್ಟು ವರ್ಷ ಆಸೆಪಟ್ಟೆನೇ ಎಂದು ಅವಳಿಗೆ ಬೇಜಾರಾಯಿತು.

ತೊಂಬತ್ತೊಂದು ತೊಂಬತ್ತೆರಡರ ಸುಮಾರಿಗೆ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಊರಿಗೆ ಬಂತು. ಕಲಿಸುವವಳು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಗಾಯತ್ರಿ. ಗಂಗಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ಎಲ್ಲರಿಗೂ ಅಕ್ಕೋರು. ಪುಸ್ತಕ ಅಂದರೆ ಜೀವ ಬಿಡುವ ಹುಡುಗಿ. ಸಿನಿಮಾ ನೋಡಿ ಯಾರಾದರೂ ಏನಾದರೂ ಕಲಿತದ್ದುಂಟೇ, ಕಲಿಯುವುದಿದ್ದರೆ ಪುಸ್ತಕದಿಂದಲೇ ಅನ್ನುವುದು ಅವಳ ವಾದ. ಗಂಗಿಗೆ ಸುತ್ತಿಗೆಯ ನೆನಪಾಯಿತು. ಗಂಗಿ ಹೋದದ್ದೂ ಅಕ್ಷರಕ್ಕಲ್ಲ, ಹತ್ತು ಜನ ಸೇರುತ್ತಾರಲ್ಲ ಎಂದು. ಸ್ಲೇಟು ಮಡಿಲಲ್ಲಿಟ್ಟುಕೊಂಡು ಕತೆ ಹೇಳುವುದೇ ಹೆಚ್ಚು. ಒಂದು ಸಂಜೆ ಯಾರೋ ಕೇಳಿದರೆಂದು ಆ ಹಳೆಯ ಕತೆಯನ್ನೇ ಹೇಳತೊಡಗಿದಳು. ಅದೃಷ್ಟಕ್ಕೆ ಶಂಕರಿ ಅಂದು ಬಂದಿರಲಿಲ್ಲ. ಕತೆ ಗೇಟಿನ ತನಕ ಬರುವಷ್ಟರಲ್ಲಿ ಗಾಯತ್ರಿ ಕಣ್ಣರಳಿಸಿದಳು. ಅದು ಕಾದಂಬರಿ, ಅಂಕೋಲೆಯ ಗ್ರಂಥಾಲಯದಲ್ಲಿದೆ, ತಾನು ಓದಿದ್ದೇನೆ, ಆದರೆ ಕೊನೆಯಲ್ಲಿ, ಎನ್ನುತ್ತ ಬಾಯಿ ತೆರೆದವಳನ್ನು ಗಂಗಿ ಕೈಯೆತ್ತಿ ತಡೆದಳು.

"ಬೇಡ ಅಕ್ಕೋರೆ, ಹೇಳುಕೆ ಹೋಗ್ಬೇಡಿ. ಹೇಳುವವ್ರ ಬಾಯಲ್ಲಿ ಕಡೆ ಎಂತಾ ಆಗ್ತದೆ ಅಂತ ನಂಗೆ ಗೊತ್ತದೆ. ನಂಗೇ ಓದುಕೆ ಕಲಿಸಿ."

ಆಮೇಲೆ ಗಂಗಿ ಕಲಿತ ರೀತಿ ಕಂಡು ಗಾಯತ್ರಿಯೇ ಬೆರಗಾದಳು. ಗದ್ದೆಯ ಕೆಸರಿನಲ್ಲಿ ಬೆರಳಿನಿಂದ ಅಕ್ಷರ, ಒಲೆಯ ಬೂದಿಯಲ್ಲಿ ಒತ್ತಕ್ಷರ. ಮುಂದಿನ ನೆಗ್ಗಿದ ಬಂಪರು ನೋಡಿ ಗುರುತಿಸುತ್ತಿದ್ದ ವಸ್ತಿ ಬಸ್ಸಿನ ಬೋರ್ಡನ್ನು ಒಂದು ದಿನ ಅವಳು ಓದಿಯೇ ಹತ್ತಿದಳು. ಕಂಡಕ್ಟರನಿಗೂ ಓದಿ ಹೇಳಿದಳು. ಮರುವರ್ಷ ಸುಗ್ಗಿ ಕಳೆದ ಮೇಲೆ ಗಾಯತ್ರಿ ತನ್ನ ಕಾರ್ಡಿನಲ್ಲಿ ಆ ಕಾದಂಬರಿ ತಂದುಕೊಟ್ಟಳು. ತಿಂಗಳಿಗೆರಡು ಸಲ ಗ್ರಂಥಾಲಯಕ್ಕೆ ಹೋಗಿ ಅವಧಿ ಮುಂದೆ ಹಾಕಿಸಿ ಬರುವುದೂ ಅವಳದೇ ಕೆಲಸವಾಯಿತು.

ದಿನಕ್ಕೆ ಅರ್ಧ ಪುಟ. ಹಬ್ಬದ ದಿನ ಒಂದು. ಪುಸ್ತಕದಲ್ಲಿ ನಡುವೆ ಹಾರಿ ಕೊನೆಗೆ ಹೋಗಬಹುದೆಂದು ಗಾಯತ್ರಿ ಹೇಳಿದರೂ ಗಂಗಿಗೆ ಅದು ಸರಿಕಾಣಲಿಲ್ಲ. ಸಾಲು ಬಿಟ್ಟು ಸಸಿ ಊರಿದರೆ ಗದ್ದೆ ಚಂದ ಕಾಣುತ್ತದೆಯೇ? ನಿಧಾನವೇನೋ ಹೌದು, ಆದರೆ ಆ ನಿಧಾನದಲ್ಲಿ ಏನೇನೋ ನಡೆಯಿತು. ಟೆಂಟಿನಲ್ಲಿ ಮರ ಬಂದರೆ ಎಲೆ ಸಮೇತ ಬರುತ್ತಿತ್ತು, ಯಾವ ಮರವೆಂದು ಸಿನಿಮಾದವರೇ ತೀರ್ಮಾನಿಸಿರುತ್ತಿದ್ದರು. ಪುಸ್ತಕದಲ್ಲಿ ಬರೀ ಎರಡಕ್ಷರ. ಮರವನ್ನು ಅವಳೇ ತರಬೇಕು. ಅವಳಿಗೆ ಬಂದದ್ದು ಹಿತ್ತಿಲ ಮುರುಗಲ ಮರ, ಕೆಂಪು ಹಣ್ಣು ಬಿಟ್ಟದ್ದು. ಬೆಂಗಳೂರಿನ ಮಹಡಿ ಮನೆ ತಗ್ಗಿ ತಗ್ಗಿ ಸೆಗಣಿ ಸಾರಿಸಿದ ಜಗಲಿಯ ಮನೆಯಾಯಿತು. ಅನ್ನದ ಗಂಜಿ ಬಾಗಿಸಲು ಎದ್ದುಹೋದರೆ ಆ ಹೆಂಗಸು ಪುಟದ ಮೇಲೆ ಅಲ್ಲೇ ಕಾದಿರುತ್ತಿದ್ದಳು. ಯಾವ ಬಸ್ಸಿಗೂ ಓಡಬೇಕಾಗಿರಲಿಲ್ಲ. ಸಿನಿಮಾದ ನಟಿಯ ಮುಖ ಎರಡನೇ ಅಧ್ಯಾಯದ ತನಕ ಇತ್ತು. ಆಮೇಲೆ ಅದು ಅಳಿಸುತ್ತ ಬಂದು ತೋಳು ಇಳಿಬಿಟ್ಟ ರವಕೆಯ ಒಂದು ಹುಡುಗಿ ಅಲ್ಲಿ ನಡೆದಾಡತೊಡಗಿದಳು. ಗಂಡ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ ಸಾಲು ಓದಿದ ದಿನ ಗಂಗಿಗೆ ಹತ್ತು ವರ್ಷದ ಹಿಂದಿನ ಆ ತೋಳಿನ ಅರ್ಥ ಗೊತ್ತಾಯಿತು, ಅದು ಮುಚ್ಚಿದ್ದು ಏಟಿನ ಗುರುತುಗಳನ್ನು. ಸಿನಿಮಾದಲ್ಲಿ ಅದೇ ಚಿಲಕವನ್ನು ಕಣ್ಣಾರೆ ನೋಡಿದ್ದಳು, ಆಗ ಗೊತ್ತಾಗಿರಲಿಲ್ಲ. ಅಂದು ಅವಳು ಅತ್ತಳು.

ತೊಂಬತ್ನಾಲ್ಕರ ವೈಶಾಖದಲ್ಲಿ ಕೊನೆಯ ಪುಟ ಬಂತು. ಬಿಸಿಲು ಇಳಿದ ಹೊತ್ತು, ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಗಾಳಿಯಲ್ಲಿ ಹತ್ತು ವರ್ಷ ನಿಂತಿದ್ದ ಆ ಕಾಲು ಕೊನೆಗೂ ಕೆಳಗಿಳಿಯಿತು. ಮೆಟ್ಟಿಲ ಮೇಲೆಯೇ ಇಳಿಯಿತು. ಅವಳು ಹೋಗಿ ಗಂಡನ ಕಾಲಿಗೆ ಬಿದ್ದಳು. ಅವನು ಕ್ಷಮಿಸಿದ. ದೀಪ ಹಚ್ಚಿದರು, ಸುಖವಾಗಿದ್ದರು. ಗಂಗಿ ಆ ಪುಟವನ್ನು ಮೂರು ಸಲ ಓದಿದಳು. ಅಕ್ಷರ ತಪ್ಪಿ ಓದಿದೆನೇನೋ ಎಂಬ ಆಸೆಯೂ ಮೂರನೆಯ ಸಲಕ್ಕೆ ಹೋಯಿತು. ಪುಸ್ತಕವನ್ನು ಬುಟ್ಟಿಗೆ ಹಾಕಿಕೊಂಡು ನೇರ ಹೊಳೆದಂಡೆಗೆ ನಡೆದಳು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇನ್ನೊಂದು ದಿನ ಮುಚ್ಚಿಟ್ಟರೆ ತಾನು ಮನುಷ್ಯಳೇ ಅಲ್ಲ ಅನಿಸಿತ್ತು.

ಶಂಕರಿ ಮೊಗೆ ಬಳ್ಳಿಗೆ ನೀರು ಹಾಕುತ್ತಿದ್ದಳು. ಗಂಗಿ ದಂಡೆಯ ಮೇಲೆ ಕೂತು ಎಲ್ಲ ಹೇಳಿದಳು. ಟೆಂಟು, ಎಂಟೂ ಇಪ್ಪತ್ತು, ತಾನೇ ಕಟ್ಟಿದ ಕೊನೆ, ಈಗ ಪುಸ್ತಕದಲ್ಲಿ ಓದಿದ್ದು, ಎಲ್ಲ. ತನ್ನ ಬಾಯಿ ಶಂಕರಿಯ ಬಾಳು ಹಾಳುಮಾಡಿತು ಎಂದಳು. ಶಂಕರಿ ಕೊಡಪಾನ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರಸಿಕೊಂಡು ಪಕ್ಕದಲ್ಲಿ ಕೂತಳು.

"ಆ ಸಿನಿಮಾ ನಾ ನೋಡಿದ್ದೆ, ಗಂಗಕ್ಕ," ಅಂದಳು. "ನಿಂಗಿಂತ ಮೊದ್ಲೇ. ಮದುವೆಯಾಗಿ ಎರಡು ತಿಂಗ್ಳಿಗೆ ಅಂವ ಕಾರವಾರಕ್ಕೆ ಕರ್ಕೊಂಡು ಹೋಗಿದ್ದ. ಕಡೀತನಕ ನೋಡ್ದೆ. ಅವ್ಳು ಕಾಲಿಗೆ ಬಿದ್ದಾಗ ನನ್ನ ಕಿವಿ ಹತ್ರ ಬಾಯಿ ತಂದು, ನೋಡ್ಕೋ, ಕಲ್ತ್ಕೋ ಅಂದ."

ಹಾಗಾದರೆ ಗದ್ದೆಯಲ್ಲಿ ಯಾಕೆ ಕೇಳಿದೆ ಎಂದಳು ಗಂಗಿ.

"ನೀನೂ ಅದೇ ಹೇಳ್ತಿಯೋ ಅಂತ ನೋಡುಕೆ. ನೀನೂ ಅದೇ ಹೇಳಿದ್ರೆ ಹೋಗ್ತಿದ್ದೆ. ಎಲ್ಲ ಕಡೇನೂ ಹೀಗೇ ಇರ್ತದೆ ಅಂದ್ಕೊಂಡು ಹೋಗ್ತಿದ್ದೆ. ನೀ ಬೆಲ್ಲ, ನೀರು ಅಂದ ಕೂಡ್ಲೆ ನಂಗೆ ಗೊತ್ತಾಯ್ತು, ಇದು ಸಿನಿಮಾದ್ದಲ್ಲ ನಿಂದು ಅಂತ. ಬೆಂಗಳೂರಲ್ಲಿ ಯಾರು ಜಗಲಿ ಮೇಲೆ ಬೆಲ್ಲ ಇಡ್ತಾರೆ?"

ಗಂಗಿ ಶಂಕರಿಯ ಮಣ್ಣಾದ ಕೈ ಹಿಡಿದುಕೊಂಡಳು. ರವಕೆಯ ತೋಳು ಈಗ ಮೊಣಕೈ ಮೇಲಕ್ಕೆ ಏರಿತ್ತು, ಕೈಗಳು ಬಿಸಿಲಿಗೆ ಕಪ್ಪಾಗಿ ಗಟ್ಟಿಯಾಗಿದ್ದವು. ತಾನು ಬೇಕೆಂದು ಹೇಳಿದ್ದಲ್ಲ, ಬಸ್ಸು ಬಂದುಬಿಟ್ಟಿತ್ತು, ಇನ್ನೊಂದು ಅರ್ಧ ಗಂಟೆ ಕೂತಿದ್ದರೆ ಕಂಡದ್ದನ್ನೇ ಹೇಳಿಬಿಡುತ್ತಿದ್ದೆ ಎಂದು ಅವಳು ತೊದಲಿದಳು. ಅದನ್ನು ಕೇಳಿ ಶಂಕರಿ ನಕ್ಕಳು. ಮದುವೆಗೆ ಮೊದಲು ನಟ್ಟಿಯ ಸಾಲಿನಲ್ಲಿ ನಗುತ್ತಿದ್ದ ಅದೇ ಗಟ್ಟಿ ನಗು. ದಡದ ಬೆಳ್ಳಕ್ಕಿಗಳು ಎದ್ದು ಹಾರಿದವು.

"ಹಾಗಾರೆ ಆ ಡ್ರೈವರಿಗೆ ಒಂದಿನ ಬೆಲ್ಲ, ನೀರು ಕೊಡ್ಬೇಕು," ಅಂದಳು. "ಜಗಲಿ ಮೇಲಲ್ಲ ಮತ್ತೆ. ಒಳಗೆ ಕರ್ದು."

ಮುಂದಿನ ಸಂತೆಯ ದಿನ ಗಂಗಿ ಬುಟ್ಟಿಯಲ್ಲಿ ಬಸಳೆಯ ಪಕ್ಕಕ್ಕೆ ಕಾದಂಬರಿಯನ್ನೂ ಇಟ್ಟುಕೊಂಡು ಅಂಕೋಲೆಗೆ ಹೋಗಿ ಗ್ರಂಥಾಲಯಕ್ಕೆ ತಾನೇ ಮುಟ್ಟಿಸಿದಳು. ಸಂಜೆ ಬೇಗನೇ ಬಸ್‌ಸ್ಟ್ಯಾಂಡಿಗೆ ಬಂದು ಎಂಟೂವರೆಯ ತನಕ ಕಾದಳು. ಹತ್ತು ವರ್ಷದ ಹಿಂದಿನ ಡ್ರೈವರು ಯಾವತ್ತೋ ನಿವೃತ್ತನಾಗಿದ್ದ. ಈಗಿನವನು ಹೊಸಬ, ಏನೂ ತಿಳಿಯದವನು. ಆದರೂ ಹತ್ತುವಾಗ ಗಂಗಿ ಅವನ ಕೈಗೆ ಒಂದು ಚೂರು ಬೆಲ್ಲ ಇಟ್ಟು ತನ್ನ ಕಿಟಕಿಯ ಬಳಿ ಹೋಗಿ ಕೂತಳು.